ಫೈಲ್ ಪಾತ್ ಕ್ಯಾಶ್: ವೇಗ ನೋಡುವ ಮೊದಲು ಆಯಸ್ಸು ನೋಡಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನವೊಂದು, ಒಮ್ಮೆ ಹುಡುಕಿದ ಫೈಲ್ ಪಾತ್ ಅನ್ನು (ಫೈಲ್ ಇರುವ ಜಾಗದ ವಿಳಾಸ) ಪ್ರೋಗ್ರಾಂ ಮುಗಿಯುವವರೆಗೂ ಉಳಿಯುವ ಸ್ಟ್ಯಾಟಿಕ್ ಪಾಯಿಂಟರ್‌ನಲ್ಲಿ ಇಟ್ಟುಕೊಂಡರೆ, ಅಂದರೆ ಕ್ಯಾಶ್ ಮಾಡಿಕೊಂಡರೆ, ಸಿ ಪ್ರೋಗ್ರಾಂ ಚುರುಕಾಗುತ್ತದೆ ಎಂದು ನಾಲ್ಕು ಸಾಲಿನ ಕೋಡ್ ಸಮೇತ ವಿವರಿಸಿತ್ತು. ಆ ಕೋಡ್ ಕಂಪೈಲ್ ಆಗುತ್ತದೆ, ಸಣ್ಣ ಟೆಸ್ಟ್‌ಗಳಲ್ಲಿ ಪಾಸೂ ಆಗುತ್ತದೆ. ಆದರೆ ಕೋಡ್ ರಿವ್ಯೂಗೆ, ಅಂದರೆ ಸಹೋದ್ಯೋಗಿಗಳ ಪರಿಶೀಲನೆಗೆ, ಬಂದರೆ ಅದನ್ನು ಹಾಗೇ ಒಪ್ಪುವಂತಿಲ್ಲ. ಉಳಿಸಿಟ್ಟ ಪಾತ್ ಎಷ್ಟು ಹೊತ್ತು ನಿಜವಾಗಿರುತ್ತದೆ ಎಂಬ ಪ್ರಶ್ನೆಯನ್ನೇ ಲೇಖನ ಎತ್ತಿಲ್ಲ.

ಲಿನಕ್ಸ್ ಬಳಸುವವರು ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಸಿಯಲ್ಲೇ ಬರೆದಿರುವ ಬ್ಯಾಶ್ ಶೆಲ್ (ಟೈಪ್ ಮಾಡಿದ ಕಮಾಂಡ್‌ಗಳನ್ನು ಓಡಿಸುವ ಪ್ರೋಗ್ರಾಂ), ಒಮ್ಮೆ ಓಡಿಸಿದ ಕಮಾಂಡ್‌ನ ಪೂರ್ಣ ಪಾತ್ ಅನ್ನು ನೆನಪಿಟ್ಟುಕೊಳ್ಳುತ್ತದೆ. ಆ ಪ್ರೋಗ್ರಾಂ ಅನ್ನು ಬೇರೊಂದು ಡೈರೆಕ್ಟರಿಗೆ ಸರಿಸಿ ಮತ್ತೆ ಅದೇ ಹೆಸರು ಟೈಪ್ ಮಾಡಿದರೆ, ಹೊಸ ಜಾಗವೂ ಹುಡುಕಾಟದ ಪಟ್ಟಿಯಲ್ಲೇ ಇದ್ದರೂ, ಹಳೆಯ ಜಾಗದಲ್ಲಿ ಫೈಲ್ ಇಲ್ಲವೆಂದು ದೂರುತ್ತದೆ. ಹ್ಯಾಶ್ ಕಮಾಂಡನ್ನು ‘-ಆರ್’ ಜೊತೆ ಕೊಟ್ಟಾಗ ಸರಿಹೋಗುತ್ತದೆ. ಬ್ಯಾಶ್ ಬರೆದವರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ: ಆ ಹುಡುಕಾಟದ ಪಟ್ಟಿಯಿರುವ ಪಾತ್ ವೇರಿಯಬಲ್‌ಗೆ ಹೊಸ ಬೆಲೆ ಕೊಟ್ಟ ಕೂಡಲೇ ನೆನಪು ಖಾಲಿಯಾಗುತ್ತದೆ, ಪ್ರತಿ ಸಲ ಪರೀಕ್ಷಿಸಬೇಕೆಂದರೆ ‘ಚೆಕ್‌ಹ್ಯಾಶ್’ ಆಯ್ಕೆಯೂ ಇದೆ. ಲೇಖನದ ಕೋಡ್‌ನಲ್ಲಿ ಅಳಿಸುವ ಬಾಗಿಲೇ ಇಲ್ಲ.

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಕೋಡ್ ಇದಕ್ಕೆ ಇನ್ನೂ ಒಳ್ಳೆಯ ಪಾಠ. ಅದರಲ್ಲಿ ಪಾತ್ ಕಟ್ಟಿಕೊಡುವ ಫಂಕ್ಷನ್ ನಾಲ್ಕು ಸ್ಟ್ಯಾಟಿಕ್ ಬಫರ್‌ಗಳನ್ನು ಸರದಿಯಲ್ಲಿ ಬಳಸುತ್ತಿತ್ತು. ಐದನೆಯ ಸಲ ಕರೆದರೆ ಮೊದಲ ಪಾತ್ ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು. 2015ರಲ್ಲಿ, ಪದೇ ಪದೇ ಬೇಕಾಗುವ ಕೆಲವು ಪಾತ್‌ಗಳನ್ನು ಒಮ್ಮೆ ಕಟ್ಟಿ ಸ್ಟ್ಯಾಟಿಕ್ ಪಾಯಿಂಟರ್‌ನಲ್ಲಿ ಉಳಿಸುವ ಮ್ಯಾಕ್ರೋ ಬಂತು. ಹೆಚ್ಚುಕಡಿಮೆ ನಿಮ್ಮ ಲೇಖನದ ಕೋಡೇ ಅದು. ಆದರೆ ಸ್ಟ್ಯಾಟಿಕ್ ಎಂದರೆ ಇಡೀ ಪ್ರೋಸೆಸ್‌ಗೆ ಒಂದೇ. ಸಬ್‌ಮಾಡ್ಯೂಲ್ (ಒಂದು ರೆಪಾಸಿಟರಿಯ, ಅಂದರೆ ಕೋಡ್ ಭಂಡಾರದ, ಒಳಗಿರುವ ಇನ್ನೊಂದು ರೆಪಾಸಿಟರಿ) ಇದ್ದಾಗ ಒಂದೇ ಪ್ರೋಸೆಸ್ ಎರಡು ರೆಪಾಸಿಟರಿಗಳನ್ನು ನೋಡಬೇಕಾಗುತ್ತದೆ, ಎರಡನೆಯದಕ್ಕೆ ಮೊದಲನೆಯದರ ಪಾತ್ ಸಿಕ್ಕರೆ ಅನಾಹುತ. 2018ರಲ್ಲಿ ಇಂಥ ಪಾತ್‌ಗಳ ಕ್ಯಾಶ್ ಅನ್ನು ಪ್ರತಿ ರೆಪಾಸಿಟರಿಯ ಮಾಹಿತಿ ಹಿಡಿದಿಡುವ ಸ್ಟ್ರಕ್ಟ್‌ನೊಳಗೆ ಸರಿಸಿದರು. ರಿವ್ಯೂ ಮಾಡುವವರು ಕೇಳಬೇಕಾದ್ದೂ ಇದೇ: ಈ ಪಾತ್ ಯಾವುದಕ್ಕೆ ಸೇರಿದ್ದು? ಅದರ ಸ್ಟ್ರಕ್ಟ್‌ನಲ್ಲೇ ಕ್ಯಾಶ್ ಇರಲಿ, ಅದರ ಜೊತೆಗೇ ಫ್ರೀ ಆಗಲಿ (ಮೆಮೊರಿ ಬಿಟ್ಟುಕೊಡಲಿ). ಸಾಪೇಕ್ಷ ಪಾತ್ ಅನ್ನು (ಈಗಿನ ಡೈರೆಕ್ಟರಿಯಿಂದ ಎಣಿಸಿದ ವಿಳಾಸ) ಕ್ಯಾಶ್ ಮಾಡಿದ್ದರೆ ಆ ಪ್ಯಾಚ್ ಅನ್ನು (ಕೋಡ್ ತಿದ್ದುಪಡಿ) ಅಲ್ಲೇ ನಿಲ್ಲಿಸಿ. ಮುಂದೆಲ್ಲೋ ಯಾರಾದರೂ ಈಗಿನ ಡೈರೆಕ್ಟರಿಯನ್ನು ಬದಲಿಸುವ ಸಿಎಚ್‌ಡಿಐಆರ್ ಕರೆದರೆ ಅದೇ ಸ್ಟ್ರಿಂಗ್ ಬೇರೆ ಫೈಲನ್ನು ತೋರಿಸುತ್ತದೆ.

ಇನ್ನು ಪಾಯಿಂಟರ್‌ನ ಒಡೆತನ. ಪಾತ್ ಅನ್ನು ಪೂರ್ಣ ವಿಳಾಸವಾಗಿ ಬಿಡಿಸಿಕೊಡುವ ರಿಯಲ್‌ಪಾತ್ ಫಂಕ್ಷನ್‌ಗೆ ಎರಡನೆಯ ಆರ್ಗ್ಯುಮೆಂಟ್ ನಲ್ ಕೊಟ್ಟರೆ ಅದು ಮ್ಯಾಲಕ್‌ನಿಂದ ಹೊಸ ಮೆಮೊರಿ ಪಡೆದ ಸ್ಟ್ರಿಂಗ್ ಕೊಡುತ್ತದೆ. ಕ್ಯಾಶ್‌ಗೆ ಸೇರಿದ ಮೇಲೆ ಅದನ್ನು ಕರೆದವರು ಫ್ರೀ ಮಾಡುವಂತಿಲ್ಲ, ತಿದ್ದುವಂತೆಯೂ ಇಲ್ಲ. ಹಾಗಾಗಿ ಹಿಂತಿರುಗಿಸುವ ಟೈಪ್ ‘ಕಾನ್ಸ್ಟ್ ಕ್ಯಾರ್’ ಪಾಯಿಂಟರ್ ಆಗಿರಲೇಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಪಾತ್‌ನ ಡೈರೆಕ್ಟರಿ ಭಾಗವನ್ನು ಕೊಡುವ ಡೈರ್‌ನೇಮ್ ಫಂಕ್ಷನ್ ತನಗೆ ಕೊಟ್ಟ ಸ್ಟ್ರಿಂಗ್ ಅನ್ನೇ ಕತ್ತರಿಸಬಹುದು. ಕ್ಯಾಶ್‌ನ ಪಾಯಿಂಟರ್ ಅನ್ನು ನೇರ ಅದಕ್ಕೆ ಕೊಟ್ಟರೆ ಕೊನೆಯ ಸ್ಲ್ಯಾಶ್ ಇದ್ದಲ್ಲಿ ಸ್ಟ್ರಿಂಗ್ ಮುಗಿಯಿತೆಂದು ಹೇಳುವ ಸೊನ್ನೆ ಬಿದ್ದು, ಮುಂದಿನವರಿಗೆಲ್ಲ ಫೈಲ್ ಬದಲು ಡೈರೆಕ್ಟರಿ ಸಿಗುತ್ತದೆ. ಹ್ಯಾಶ್ ಟೇಬಲ್ ಬಳಸಿದ್ದರೆ ಕೀಯನ್ನೂ (ಹುಡುಕಲು ಬಳಸುವ ಹೆಸರು) ನೋಡಿ: ಕರೆದವರ ಬಫರ್‌ನ ಪಾಯಿಂಟರ್ ಅನ್ನೇ ಇಟ್ಟುಕೊಂಡಿದ್ದರೆ, ಆ ಬಫರ್‌ಗೆ ಮುಂದಿನ ಹೆಸರು ಬಂದಾಗ ಹಳೆಯ ಕೀಗಳೆಲ್ಲ ಒಟ್ಟಿಗೇ ಬದಲಾಗುತ್ತವೆ. ಸ್ಟ್ರ್‌ಡಪ್‌ನಿಂದ ನಕಲು ಮಾಡಿಯೇ ಇಡಬೇಕು.

‘ಫೈಲ್ ಇಲ್ಲ’ ಎಂಬ ಉತ್ತರವನ್ನೂ ಉಳಿಸಿಡುವ ಪ್ಯಾಚ್‌ಗಳಿವೆ. ಫೈಲ್ ಆಮೇಲೆ ಹುಟ್ಟಿದರೂ ಪ್ರೋಗ್ರಾಂಗೆ ಕಾಣುವುದಿಲ್ಲ, ಇಂಥ ದೋಷ ಪತ್ತೆಗೆ ತುಂಬ ಸಮಯ ತಿನ್ನುತ್ತದೆ. ಎರಡು ಥ್ರೆಡ್ ಒಟ್ಟಿಗೆ ಬಂದರೆ ಪಾಯಿಂಟರ್ ಎರಡು ಸಲ ತುಂಬಬಹುದು, ಲಾಕ್ ಇಲ್ಲದಿದ್ದರೆ ಅದು ಡೇಟಾ ರೇಸ್. ಇಂಥ ರೇಸ್ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಹಾಕಿ ಒಮ್ಮೆ ಓಡಿಸಿ.

ಕನ್ನಡ ಹೆಸರಿನ ಫೈಲ್‌ಗಳಲ್ಲಿ ಇಂಥ ಕೋಡ್ ಬೇಗ ಮುರಿಯುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ‘ಕ್ಷೇ’ ಒಂದಕ್ಕೇ 12. ಕ್ಯಾಶ್‌ಗೆಂದು 256 ಬೈಟ್ ಬಫರ್ ಇಟ್ಟು ಸ್ಟ್ರ್‌ಎನ್‌ಕಾಪಿಯಿಂದ ಪಾತ್ ನಕಲಿಸಿದ್ದರೆ, ಜಾಗ ಸಾಲದಾಗ ಅಕ್ಷರ ನಡುವೆ ತುಂಡಾಗುತ್ತದೆ, ಕೊನೆಯ ಸೊನ್ನೆಯೂ ಬೀಳುವುದಿಲ್ಲ. ಮೇಲಾಗಿ ‘ಕೋಲಾರ’ ಎಂಬ ಹೆಸರು 15 ಬೈಟ್ ಆಗಬಹುದು, ‘ೋ’ ಸ್ವರಚಿಹ್ನೆ ಮೂರು ಸಂಕೇತಗಳಾಗಿ ಬಿಡಿಸಿಕೊಂಡು ಬಂದರೆ 21 ಬೈಟ್ ಆಗಬಹುದು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೀಗೆ ಬಿಡಿಸಿಯೇ ಇಡುತ್ತಿತ್ತು. ಸಾಮಾನ್ಯ ಲಿನಕ್ಸ್ ವ್ಯವಸ್ಥೆಯಲ್ಲಿ ಇವೆರಡೂ ಬೇರೆ ಬೇರೆ ಫೈಲ್‌ಗಳು. ಆದ್ದರಿಂದ ಕೀಯನ್ನು ‘ಸರಿಪಡಿಸಿ’ ಒಂದಾಗಿಸುವ ಜಾಣತನವೂ ಬೇಡ, ಬೈಟ್ ಹೋಲಿಕೆಯೇ ಸರಿ.

ಕೊನೆಗೆ, ಲಾಭವೆಷ್ಟು? ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ತಾನೇ ಹೆಸರುಗಳ ಹುಡುಕಾಟವನ್ನು ಕ್ಯಾಶ್ ಮಾಡುತ್ತದೆ. ರಿಯಲ್‌ಪಾತ್ ಮಾತ್ರ ಪಾತ್‌ನ ಪ್ರತಿ ತುಣುಕಿಗೂ ಸಿಸ್ಟಂ ಕಾಲ್ (ಕರ್ನೆಲ್‌ಗೆ ಕರೆ) ಮಾಡುವುದರಿಂದ ಅಲ್ಲಿ ಉಳಿತಾಯ ಇರಬಹುದು. ಈ ಕರೆಗಳನ್ನು ಎಣಿಸುವ ಎಸ್‌ಟ್ರೇಸ್ ಅನ್ನು ‘-ಸಿ’ ಹಾಕಿ ಪ್ಯಾಚ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಓಡಿಸಿ, ಎರಡೂ ಎಣಿಕೆಗಳನ್ನು ಬದಲಾವಣೆಯ ಜೊತೆ ದಾಖಲಾಗುವ ಕಮಿಟ್ ಸಂದೇಶದಲ್ಲಿ ಬರೆಯುವಂತೆ ಕೇಳಿ. ಒಂದೇ ಡೈರೆಕ್ಟರಿಯ ಹತ್ತಾರು ಫೈಲ್ ತೆರೆಯುವುದಷ್ಟೇ ಉದ್ದೇಶವಾದರೆ, ಆ ಡೈರೆಕ್ಟರಿಯನ್ನು ಒಮ್ಮೆ ತೆರೆದಿಟ್ಟು ಅದರೊಳಗಿನ ಫೈಲ್ ತೆರೆಯಲು ಓಪನ್‌ಎಟ್ ಫಂಕ್ಷನ್ ಬಳಸಿದರೆ ಸಾಕು. ನಡುವೆ ಯಾರಾದರೂ ಡೈರೆಕ್ಟರಿಯ ಹೆಸರು ಬದಲಿಸಿದರೂ ಕೆಲಸ ನಡೆಯುತ್ತದೆ, ಪಾತ್ ಕ್ಯಾಶ್‌ನ ಅಗತ್ಯವೇ ಬೀಳುವುದಿಲ್ಲ.

ಇಂತಿ,
ಸಿ ಭಾಷೆಯಲ್ಲಿ ಕೆಲಸ ಮಾಡುವ ಇಬ್ಬರು ಓದುಗರು, ಬೆಂಗಳೂರು