ಸಿಂಪ್ಯೂಟರ್‌ಗೂ ಚರಿತ್ರೆಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಗಣಕಯಂತ್ರಗಳ ಚರಿತ್ರೆಯನ್ನು ಗಣಕದ ಕಲ್ಪನೆ ಕೊಟ್ಟ ಬ್ಯಾಬೇಜ್, ಆರಂಭಕಾಲದ ವಿದ್ಯುನ್ಮಾನ ಗಣಕ ಎನಿಯಾಕ್ ಎಂದು ಆರಂಭಿಸಿ ನೇರವಾಗಿ ಇಂದಿನ ಮೊಬೈಲ್‌ಗೆ ತಂದು ನಿಲ್ಲಿಸುವುದು ನಮ್ಮಲ್ಲಿ ರೂಢಿಯಾಗಿದ್ದು, ನಡುವೆ ಬೆಂಗಳೂರಿನಲ್ಲೇ ರೂಪುಗೊಂಡ ಸಿಂಪ್ಯೂಟರ್ ಮರೆತೇಹೋಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳೂ ಸೇರಿ ವಿನ್ಯಾಸಗೊಳಿಸಿದ, ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರದ ಮಾದರಿ 2001ರಲ್ಲಿ ಬಿಡುಗಡೆಯಾಯಿತು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿದ ಅದನ್ನು ಪರದೆ ಮುಟ್ಟಿ ಬಳಸಬೇಕಿತ್ತು; ಅಕ್ಷರ ಬಾರದವರಿಗಾಗಿ ಪಠ್ಯವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯೂ ಇತ್ತು. ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಅದರ ಸ್ಮಾರ್ಟ್ ಕಾರ್ಡ್. ಸ್ವಂತ ಯಂತ್ರ ಕೊಳ್ಳಲಾಗದ ರೈತನೊಬ್ಬ ತನ್ನ ಮಾಹಿತಿಯನ್ನು ಕಾರ್ಡಿನಲ್ಲಿಟ್ಟುಕೊಂಡು, ಇಡೀ ಊರಿಗೆ ಸೇರಿದ ಒಂದೇ ಯಂತ್ರವನ್ನು ತನ್ನದೇ ಎಂಬಂತೆ ಬಳಸಲಿ ಎಂಬ ಆ ಆಲೋಚನೆ, ನಮ್ಮ ಹಳ್ಳಿಗಳ ಬದುಕನ್ನು ಅರಿತವರಿಗೆ ಮಾತ್ರ ಹೊಳೆಯಬಹುದಾದದ್ದು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರಿನಲ್ಲಿ, ಯಂತ್ರವನ್ನು ಓರೆ ಮಾಡಿದರೆ ಪುಟ ತಿರುಗುವ ಸೌಲಭ್ಯವಿತ್ತು. ಐಫೋನ್ ಬಂದದ್ದು 2007ರಲ್ಲಿ. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ.

ಉಳಿದಿರುವ ಸಿಂಪ್ಯೂಟರ್‌ಗಳನ್ನೂ ಅವುಗಳ ವಿನ್ಯಾಸದ ಕಡತಗಳನ್ನೂ ಒಂದೆಡೆ ಸಂಗ್ರಹಿಸಿ, ಶಾಲಾ ಮಕ್ಕಳು ಮುಟ್ಟಿ ನೋಡುವಂತೆ ಕಾಯ್ದಿಡಬೇಕೆಂದು ರಾಜ್ಯ ಸರ್ಕಾರವನ್ನು ಕೋರುತ್ತೇನೆ.

– ಒಬ್ಬ ಓದುಗ, ಮೈಸೂರು