ಭಾನುವಾರದ ಚರ್ಚೆ: ‘ಸ್ಟಾರ್ ಟ್ರೆಕ್’ನ ಗಟ್ಟಿ ಕಂತುಗಳು, ಕಥೆಯ ಎಡವಟ್ಟುಗಳು

ಎಲ್ಲ ಸದಸ್ಯರಿಗೂ ನಮಸ್ಕಾರ.

1987ರಿಂದ 1994ರವರೆಗೆ ಪ್ರಸಾರವಾದ ವೈಜ್ಞಾನಿಕ ಕಥೆಯ ಟಿವಿ ಸರಣಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಕುರಿತ ಚರ್ಚೆ ಬರುವ ಭಾನುವಾರ ಸಂಜೆ 6 ಗಂಟೆಗೆ ಇದೇ ಗುಂಪಿನಲ್ಲಿ ನಡೆಯಲಿದೆ. ಎಲ್ಲ 178 ಕಂತುಗಳನ್ನು ನೋಡಲು ಸಮಯವಿಲ್ಲದವರು ಈ ಮೂರನ್ನಾದರೂ ತಪ್ಪದೇ ನೋಡಿ ಬರಬೇಕೆಂದು ಕೋರುತ್ತೇನೆ.

ಮೊದಲನೆಯದು, ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿ ಪಡೆದ ‘ದಿ ಇನ್ನರ್ ಲೈಟ್’. ಬಾಹ್ಯಾಕಾಶ ನೌಕೆಯಲ್ಲಿ ಅರ್ಧ ಗಂಟೆಯೂ ಕಳೆಯುವ ಮುನ್ನ ಅದರ ಕ್ಯಾಪ್ಟನ್ ಪಿಕಾರ್ಡ್, ಎಂದೋ ಅಳಿದುಹೋದ ಗ್ರಹವೊಂದರಲ್ಲಿ ಹೆಂಡತಿ ಮಕ್ಕಳೊಂದಿಗೆ ಇಡೀ ಬಾಳನ್ನೇ ಬಾಳಿ ಬರುತ್ತಾನೆ; ಕೊನೆಗೆ ತನ್ನ ಕೋಣೆಯಲ್ಲಿ ಆ ಜನರ ಪುಟ್ಟ ಕೊಳಲನ್ನು ಎದೆಗೊತ್ತಿಕೊಂಡು, ಬಳಿಕ ಮೆಲ್ಲನೆ ನುಡಿಸುವ ದೃಶ್ಯ ನನ್ನ ಮಟ್ಟಿಗೆ ಇಡೀ ಸರಣಿಯಲ್ಲೇ ಅತ್ಯುತ್ತಮವಾದುದು. ಇಷ್ಟು ದೊಡ್ಡ ಅನುಭವ ಮುಂದಿನ ಕಂತುಗಳಲ್ಲಿ ಬಹುತೇಕ ಮರೆತೇಹೋಗುವುದು ಮಾತ್ರ ಬೇಸರದ ಸಂಗತಿ.

ಎಡವಟ್ಟುಗಳಿಗಾಗಿ ‘ಡೇಟಾಲೋರ್’ ನೋಡಿ. ಯಂತ್ರಮಾನವ ಡೇಟಾ ‘ಐ ಆ್ಯಮ್’ ಎಂಬುದನ್ನು ‘ಐಮ್’ ಎಂದು ಕುಗ್ಗಿಸಿ ಹೇಳಲಾರ ಎಂಬುದೇ ಅಲ್ಲಿ ಕಥೆಯ ಕೀಲಿ, ಆದರೆ ಅದೇ ಕಂತಿನ ಕೊನೆಯಲ್ಲಿ ಅವನು ‘ಐಮ್ ಫೈನ್’ ಎನ್ನುತ್ತಾನೆ. ಮೂರನೆಯದಾದ ‘ಫೋರ್ಸ್ ಆಫ್ ನೇಚರ್’ನಲ್ಲಿ ಬರುವ ವಾರ್ಪ್ 5ರ (ವಾರ್ಪ್ ಎಂದರೆ ಬೆಳಕನ್ನೂ ಮೀರುವ ನೌಕೆಯ ವೇಗದ ಅಳತೆ) ವೇಗಮಿತಿ ಮುಂದೆ ಏನಾಯಿತೆಂಬುದನ್ನು ಗಮನಿಸಿ.

ಇನ್ನೂ ನೋಡದವರಿಗೆ ರಸಭಂಗವಾಗದಂತೆ ಶನಿವಾರ ರಾತ್ರಿಯವರೆಗೆ ಯಾರೂ ಕಥೆ ಬಿಟ್ಟುಕೊಡಬಾರದು. ನೀವು ಕಂಡ ಒಂದು ಎಡವಟ್ಟನ್ನು ಕಂತಿನ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಿ; ಭಾಗವಹಿಸುವವರು ಬರುತ್ತೇವೆಂದು ಶುಕ್ರವಾರದೊಳಗೆ ಇಲ್ಲಿಯೇ ದಯವಿಟ್ಟು ತಿಳಿಸಿ.