ದುಡಿ ಅಂದರೆ ದುಡಿಮೆ

ಗಂಗಾವತಿ

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಸಿಂಧನೂರಿನ ಬಿಸಿಲಲ್ಲಿ ಅರವತ್ತು ಪೇಪರ್ ತಿದ್ದಿ ತಲೆ ಕೆಟ್ಟಿದೆ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯ ಆಶಯವೇನು ಅಂತ ಕೇಳಿದರೆ ಅರ್ಧಕ್ಕರ್ಧ ಹುಡುಗರು ‘ಕುಡಿತದ ಕೆಡುಕು’ ಅಂದಿದ್ದಾರೆ. ಒಬ್ಬನಂತೂ ದುಡಿ ಅನ್ನುವ ಚರ್ಮವಾದ್ಯವನ್ನು ದುಡಿಮೆ ಅಂತ ತಿಳಿದು ಎರಡು ಪುಟ ತುಂಬಿಸಿದ್ದಾನೆ. ನಕ್ಕೆ, ಸುಳ್ಳು ಯಾಕೆ ಹೇಳಲಿ.

ಕುಡಿತದ ಉತ್ತರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಎಲ್ಲರ ಪೇಪರಲ್ಲೂ ಅದೇ ಸಾಲು ಇದ್ದರೆ ಅದು ಯಾವುದೋ ಗೈಡಿನದು. ಚೋಮನ ಮಗ ನೀಲ, ಹೊಳೆಯಲ್ಲಿ ಮುಳುಗುವ ಪುಟವನ್ನು ಕ್ಲಾಸಲ್ಲಿ ಗಟ್ಟಿಯಾಗಿ ಓದು. ಜನ ನೋಡುತ್ತಲೇ ಇರುತ್ತಾರೆ, ಮುಟ್ಟಬಾರದ ಜಾತಿಯ ಹುಡುಗ ಅಂತ ಯಾರೂ ಎತ್ತುವುದಿಲ್ಲ. ಇದರಲ್ಲಿ ಹೆಂಡದ ತಪ್ಪು ಎಷ್ಟು ಅಂತ ಆಮೇಲೆ ಕೇಳು.

ದುಡಿಮೆ ಅಂದ ಹುಡುಗನ ಮಾತು ಬೇರೆ. ಕಾರಂತರು 1933ರಲ್ಲಿ ಬರೆದದ್ದು ಕರಾವಳಿ ಸೀಮೆಯ ಕಥೆ. ನಮ್ಮ ಹುಡುಗರಿಗೆ ಬಾರಿಸುವ ಹಲಗೆ ಗೊತ್ತು, ದುಡಿ ಎಲ್ಲಿ ನೋಡಿರಬೇಕು? ಅವನಿಗೆ ಗೊತ್ತಿರುವ ದುಡಿ ಅಪ್ಪ ಅವ್ವ ದಿನಾ ದುಡಿಯುವುದು. ಮನೆಯಲ್ಲಿ ಎತ್ತು ಇದ್ದೂ ತನ್ನದು ಅಂತ ಒಂದು ತುಂಡು ಗದ್ದೆ ಉಳಲಾಗದವನ ಕಥೆಗೆ ಆ ಅರ್ಥ ಅಷ್ಟೇನೂ ದೂರ ಇಲ್ಲ, ಅಲ್ವಾ? ತಪ್ಪು ತಿದ್ದು. ಆದರೆ ಆ ಎರಡು ಪುಟ ಇನ್ನೊಮ್ಮೆ ಓದು.

ಚೋಮ ತಹಶೀಲ್ದಾರರಿಗೆ ಅರ್ಜಿ ಕೊಡಬೇಕಿತ್ತು ಅಂದವಳನ್ನೂ ಸುಮ್ನೆ ಬಿಡಬೇಡ, ಮಾತಿಗೆ ಎಳೆ. ಉಳುವವನಿಗೇ ಭೂಮಿ ಅನ್ನುವ ಕಾನೂನು ನಮ್ಮಲ್ಲಿ ಗಟ್ಟಿಯಾದದ್ದು 1974ರಲ್ಲಿ. ಅದೂ ಗೇಣಿದಾರರಿಗೆ. ಚೋಮನಿಗೆ ಗೇಣಿಗೂ ಗದ್ದೆ ಸಿಗಲಿಲ್ಲವಲ್ಲ. ಹಾಗಾದರೆ ಆ ಕಾನೂನು ಮೊದಲೇ ಬಂದಿದ್ದರೂ ಅವನ ಕೈಗೆ ಏನು ಸಿಗುತ್ತಿತ್ತು? ಇದು ಯಾವ ಗೈಡಲ್ಲೂ ಇರಲಿಕ್ಕಿಲ್ಲ.

ನಾನೂ ಎಡವಿದವನೇ. ಕೊಪ್ಪಳದಲ್ಲಿದ್ದಾಗ ಒಬ್ಬ ಹುಡುಗ ‘ಚೋಮ ಸಾಲ ಮಾಡಿದ್ದೇ ತಪ್ಪು’ ಅಂತ ಒಂದೇ ಸಾಲು ಬರೆದಿದ್ದ. ಸೊನ್ನೆ ಹಾಕಿದೆ. ಎಲ್ಲರ ಮುಂದೆ ಓದಿ ನಗಿಸಿದೆ ಕೂಡ. ಅವನ ಮನೆಯವರು ಮೇಸ್ತ್ರಿ ಹತ್ತಿರ ಮುಂಗಡ ತಗೊಂಡು ಬೆಂಗಳೂರಿಗೆ ಗುಳೆ ಹೋಗಿದ್ದರು. ನನಗೆ ತಿಳಿದದ್ದು ತಿಂಗಳಾದ ಮೇಲೆ. ಸಾಲಕ್ಕಾಗಿ ಕಾಫಿ ತೋಟಕ್ಕೆ ಹೋದ ಚೋಮನ ಮಗ ಚನಿಯ ಜ್ವರದಲ್ಲಿ ಸಾಯುವುದನ್ನು ಆ ಕ್ಲಾಸಲ್ಲಿ ಅವನಷ್ಟು ಹತ್ತಿರದಿಂದ ಓದಿದವರು ಯಾರೂ ಇರಲಿಲ್ಲ. ಅಂಕ ತಿದ್ದೋಣ ಅಂತ ಹೋದೆ. ಅಷ್ಟರಲ್ಲಿ ಅವನು ಕಾಲೇಜು ಬಿಟ್ಟಿದ್ದ.

ಮುಂದಿನ ಸಲ ‘ಆಶಯವೇನು’ ಅಂತ ಕೇಳಲೇಬೇಡ. ಒಂದನೇ ಕ್ಲಾಸಿನಿಂದ ‘ಈ ಕಥೆಯ ನೀತಿ’ ಅಂತಲೇ ಬಾಯಿಪಾಠ ಮಾಡಿಸಿದ್ದೇವೆ, ಪಾಪ, ಹುಡುಗರು ಇಲ್ಲೂ ಒಂದು ನೀತಿ ಹುಡುಕುತ್ತಾರೆ. ಗದ್ದೆ ಕೇಳಿದ ಚೋಮನಿಗೆ ಧಣಿ ಸಂಕಪ್ಪಯ್ಯ ಯಾಕೆ ಹೂಂ ಅನ್ನಲಿಲ್ಲ ಅಂತ ಕೇಳು. ಚೋಮ ದುಡಿ ಬಾರಿಸುವುದು ಯಾವ್ಯಾವಾಗ ಅಂತ ಕೇಳು.

ಯುಗಾದಿಗೆ ಬರುವಾಗ ಆ ದುಡಿಮೆ ಹುಡುಗನ ಪೇಪರ್ ತಗೊಂಡು ಬಾ. ನಾನೂ ಒಮ್ಮೆ ಓದುತ್ತೇನೆ.

ನಿನ್ನ ದೊಡ್ಡಪ್ಪ